ಶೀತ ಹಿಡಿದ ಗಂಟಲಿನ ಹಾಡು

ಲಂಡನ್ನಿನ ಅಂಚಿನ ಹ್ಯಾರೋದ ಮನೆಯಲ್ಲಿ ಎಮಿಲ್ಡಾಬಾಯಿ ನೀರುದೋಸೆಗೆ ಹಿಟ್ಟು ಕಲಸುತ್ತಿದ್ದಾಗ, ಗಿಟಾರು ಹೊತ್ತ ಹುಡುಗಿಯೊಬ್ಬಳು ಬಾಗಿಲಿಗೆ ಬಂದಳು. ಹೆಸರು ಕೃತಿ, ಮನೆಯವರು ಕುಂದಾಪುರದ ಕಡೆಯವರು, ಕೆಲಸ ರಾಕ್ ಬ್ಯಾಂಡಿನಲ್ಲಿ ಹಾಡುವುದು.

"ಎಮಿಲಿ ಡೇ ಅಂದ್ರೆ ನೀವೇನಾ ಆಂಟಿ?"

ಆ ಹೆಸರು ಕಿವಿಗೆ ಬಿದ್ದು ಎಷ್ಟೋ ಕಾಲವಾಗಿತ್ತು. ನರ್ಸಿಂಗ್ ಕಲಿಯಲು ಉಡುಪಿಯಿಂದ ಲಂಡನ್ನಿಗೆ ಬಂದಿದ್ದ ಎಮಿಲ್ಡಾಬಾಯಿ, ಅರುವತ್ತರ ದಶಕದ ಆರಂಭದಲ್ಲಿ ಸೋಹೋದ ನೆಲಮಾಳಿಗೆಯ ಕಾಫಿ ಬಾರೊಂದರಲ್ಲಿ ಹಾಡುತ್ತಿದ್ದರು. ರೆಕಾರ್ಡ್ ಕಂಪನಿಯವರು ಹೆಸರು ಬದಲಿಸಿ ಒಂದು ಪ್ರೇಮಗೀತೆ ಹಾಡಿಸಿದರು. ಆ ಬೇಸಿಗೆಯಿಡೀ ರೇಡಿಯೋದಲ್ಲಿ ಅದೇ ಹಾಡು. ಎತ್ತರದ ಸ್ವರಕ್ಕೆ ಏರುವ ಮೊದಲು ಅವರ ದನಿ ಫಟ್ಟನೆ ಒಡೆದು, ಗೊರಗೊರ ಎಂದು ಮತ್ತೆ ಕೂಡಿಕೊಳ್ಳುತ್ತಿತ್ತು. ಹುಡುಗರಿಗೆ ಅದರದೇ ಹುಚ್ಚು. ಮುಂದೆ ರಾಕ್ ಬ್ಯಾಂಡು ಕಟ್ಟಿದವರು ಅದನ್ನೇ ಎತ್ತಿಕೊಂಡರು, ಅವರನ್ನು ಕೇಳಿ ಇನ್ನೊಬ್ಬರು. ಅಷ್ಟರಲ್ಲಿ ಎಮಿಲ್ಡಾಬಾಯಿ ನೆಲದಡಿಯ ಟ್ಯೂಬ್ ರೈಲು ಓಡಿಸುತ್ತಿದ್ದ ಎಲಿಯಾಸರನ್ನು ಮದುವೆಯಾಗಿದ್ದರು. ಆಸ್ಪತ್ರೆಯ ಪಾಳಿಗೂ ಹಾಡಿಗೂ ಹೊಂದದೆ ಹಾಡು ಬಿಟ್ಟಿದ್ದರು.

"ಆ ಒಡಕು ದನಿ ಹೇಗೆ ಹೊಳೀತು ಆಂಟಿ?" ಎಂದಳು ಕೃತಿ.

"ಹೊಳಿಯೋದೆಂತ ಮಾರಾಯ್ತಿ. ರೆಕಾರ್ಡ್ ಮಾಡಿದ ದಿನ ನಂಗೆ ಶೀತ ಆಗಿತ್ತು."

ಕೃತಿಯ ಮುಖ ಸಣ್ಣಗಾಯಿತು. "ಅಷ್ಟೂ ಜನ ಕಾಪಿ ಮಾಡಿದ್ದು ಶೀತವನ್ನಾ?"

"ಹೌದು. ಆದ್ರೆ ಶೀತ ಹೋದ ಮೇಲೂ ಜನ ಅದನ್ನೇ ಕೇಳಿದ್ರು. ಗಂಟಲು ಕೆಡದ ಹಾಗೆ ದನಿ ಒಡೀಲಿಕ್ಕೆ ಕಲಿಯುವಾಗ ಒಂದು ಚಳಿಗಾಲ ಕಳೀತು. ನೀನೊಮ್ಮೆ ಹಾಡು, ನೋಡುವಾ."

ಕೃತಿ ಹಾಡಿದಳು. ಎಮಿಲ್ಡಾಬಾಯಿ ಹಿಟ್ಟಿನ ಕೈ ಎತ್ತಿ ತಡೆದರು. "ಕಿರುಚಬೇಡ. ಹೊಟ್ಟೆಯಿಂದ ತೆಗಿ."

ಅಂದಿನಿಂದ ಹುಡುಗಿ ಮೇಲಿಂದ ಮೇಲೆ ಬರತೊಡಗಿದಳು. ಒಂದು ದಿನ, ಸ್ಟ್ರಾಟ್‌ಫರ್ಡಿನ ಪಾರ್ಕಿನಲ್ಲಿ ಮಧ್ಯಾಹ್ನ ತನ್ನ ಬ್ಯಾಂಡಿನ ಕಾರ್ಯಕ್ರಮವಿದೆ, ನೀವೂ ಹಾಡಬೇಕು ಎಂದಳು. ಮಗ ಓಸ್ವಿನ್ ಒಪ್ಪಲಿಲ್ಲ.

"ಮಮ್ಮಿ, ಎಂಬತ್ತು ದಾಟಿದೆ ನಿಮ್ಗೆ. ಜಿಪಿ ಡಾಕ್ಟ್ರು ಏನು ಹೇಳಿದ್ದಾರೆ?"

"ಉಪ್ಪು ಕಡಿಮೆ ಮಾಡಿ ಅಂದಿದ್ದಾರೆ. ಹಾಡಿನ ಸುದ್ದಿ ಎತ್ತಲಿಲ್ಲ."

ಕೊನೆಗೆ ಅವನೇ ಕಾರಿನಲ್ಲಿ ಕರೆದೊಯ್ದ. ವೇದಿಕೆಯಲ್ಲಿ ಡ್ರಮ್ಮಿನ ಸದ್ದು ಎದೆಗೇ ಬಡಿಯಿತು. ಮೊದಲ ಚರಣ ಸಲೀಸಾಗಿ ಹೋಯಿತು. ಎತ್ತರದ ಸ್ವರ ಬಂದಾಗ ಮಾತ್ರ ದನಿ ಮೇಲೇಳಲೇ ಇಲ್ಲ. ಎಮಿಲ್ಡಾಬಾಯಿಗೆ ಇಳಿದು ಹೋಗಿಬಿಡೋಣವೆನಿಸಿತು. ಆದರೆ ಅವರು ಕೈಯೆತ್ತಿ ಬ್ಯಾಂಡು ನಿಲ್ಲಿಸಿದರು.

"ಅಷ್ಟು ಮೆಟ್ಟಿಲು ಹತ್ತಲು ನನ್ನ ಮಂಡಿ ಒಪ್ಪುವುದಿಲ್ಲ. ಕೆಳಗಿನ ದಾರಿಯಲ್ಲಿ ಹೋಗೋಣ" ಎಂದು ಇಂಗ್ಲಿಷಿನಲ್ಲಿ ಹೇಳಿದರು. ಜನ ನಕ್ಕರು.

ಕೃತಿಯ ಗಿಟಾರೊಂದನ್ನೇ ಜೊತೆಗಿಟ್ಟುಕೊಂಡು ಅದೇ ಸಾಲನ್ನು ಮಂದ್ರದಲ್ಲಿ ಹಾಡಿದರು. ನಗು ನಿಂತಿತು. ಹಾಡು ಮುಗಿಯುವಾಗ ಹುಲ್ಲಿನ ಮೇಲೆ ಕೂತವರೆಲ್ಲ ಎದ್ದು ನಿಂತಿದ್ದರು.

ವಾಪಸಾಗುವಾಗಲೂ ಕಾರು ಓಡಿಸಿದವನು ಓಸ್ವಿನ್. ತಾಯಿ ವೇದಿಕೆಯಲ್ಲಿ ಹಾಡಿದ್ದನ್ನು ಅವನು ಕಂಡದ್ದು ಇದೇ ಮೊದಲು.

"ಬೇರೆ ಯಾವ ಹಾಡೆಲ್ಲ ಇತ್ತು ಮಮ್ಮಿ?" ಎಂದ.

ಎಮಿಲ್ಡಾಬಾಯಿ ಸೀಟು ಹಿಂದಕ್ಕೆ ಸರಿಸಿ ಒಂದೊಂದೇ ಹಾಡಲು ಶುರು ಮಾಡಿದರು. ಮನೆಯ ತಿರುವು ದಾಟಿ ಕಾರು ಮುಂದಿನ ಬಡಾವಣೆ ಪಿನ್ನರ್ ತಲುಪಿದ್ದು ಇಬ್ಬರಿಗೂ ಗೊತ್ತಿತ್ತು. ಯಾರೂ ಹೇಳಲಿಲ್ಲ.