ಸಾಕು ಅನ್ನುವವರೆಗೆ ಸಕ್ಕರೆ

ಕಟಿಂಗ್ ಮಾಸ್ತರಿಗೆ ಅಳತೆ ಅಂದರೆ ಪ್ರಾಣ. ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಬಟ್ಟೆ ಕತ್ತರಿಸಿದ ಕೈ ಅದು. ಕೊರಳಿಗೆ ಟೇಪು ಹಾಕಿಕೊಂಡೇ ಊಟಕ್ಕೆ ಕೂರುವ ಆಸಾಮಿ. ಅಂಥವರಿಗೆ ಸಿಕ್ಕ ಹೆಂಡತಿಯೋ, ಕಣ್ಣಳತೆ ಕೈಯಳತೆ ಬಿಟ್ಟು ಮೂರನೆಯದನ್ನು ಕಂಡವರಲ್ಲ. ಭಾನುವಾರ ಬೆಳಗಿನ ತಿಂಡಿಗೆ ಆಕೆ ಕಾಫಿ ಕೇಕು ಮಾಡುತ್ತಿದ್ದರು. ಸೇಬಿನ ಹೋಳುಗಳನ್ನು ಒಂದರ ಮೇಲೊಂದು ಒರಗಿಸಿ ಜೋಡಿಸಿ, ದಾಲ್ಚಿನ್ನಿ ಪುಡಿ ಉದುರಿಸಿ ಬೇಯಿಸುವ ಕೇಕು. ಅದರಲ್ಲಿ ಮಾಸ್ತರ ಪಾಲಿನ ಕೆಲಸ ಒಂದೇ: ಆಕೆ ಹಿಟ್ಟಿನ ಪಾತ್ರೆ ಹಿಡಿದು ನಿಂತಾಗ ಡಬ್ಬಿಯಿಂದ ಸಕ್ಕರೆ ಸುರಿಯುವುದು. ಎಷ್ಟು? ಆಕೆ "ಸಾಕು" ಅನ್ನುವವರೆಗೆ.

"ಎಷ್ಟು ಲೋಟ ಅಂತ ಹೇಳಿದ್ರೆ ನಿನ್ನ ಗಂಟೇನು ಹೋಗುತ್ತೆ?" ಎಂದು ಅವರು ವಾರವಾರವೂ ರೇಗುತ್ತಿದ್ದರು.

"ನಾನಿರೋವಾಗ ನಿಮಗ್ಯಾಕೆ ಲೋಟದ ಲೆಕ್ಕ? ಸುಮ್ನೆ ಸುರೀರಿ."

ಕೇಕು ಮೇಜಿಗೆ ಬಂದ ಮೇಲೆ ಇನ್ನೊಂದು ಶಾಸ್ತ್ರ. "ಕಾಫಿ ಕೇಕು ಅಂತೀಯ, ಇದರಲ್ಲಿ ಕಾಫಿ ಎಲ್ಲಿದೆಯೇ?" ಎಂದು ಮಾಸ್ತರು ಕೇಳಬೇಕು. "ನಿಮ್ಮ ಲೋಟದಲ್ಲಿದೆ, ಕುಡೀರಿ" ಎಂದು ಆಕೆ ಅನ್ನಬೇಕು. ಹಳಸಿ ಎಷ್ಟೋ ವರ್ಷವಾದ ಜೋಕು. ಆದರೂ ಇಬ್ಬರೂ ನಗುತ್ತಿದ್ದರು, ಮಗಳು ತಲೆ ಚಚ್ಚಿಕೊಳ್ಳುತ್ತಿದ್ದಳು.

ಐದು ತಿಂಗಳ ಹಿಂದೆ ಆಕೆಯ ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟಿತು. ಜೀವ ಉಳಿಯಿತು. ಬಲಗೈ ಹೋಯಿತು, ಮಾತೂ ಹೋಯಿತು. ಹೆಸರು ಹಿಡಿದು ಕೂಗಿದರೆ ತಿರುಗಿ ನೋಡುವುದೂ ನಿಂತಿತು. ನಾಲಿಗೆಯ ಮೇಲೆ ಉಳಿದದ್ದು ಒಂದೇ ಪದ, ಅದು "ಸಾಕು". ಕಿಟಕಿ ತೆರೆದರೆ "ಸಾಕು" ಅನ್ನುವರು, ಮುಚ್ಚಿದರೂ ಅದನ್ನೇ ಅನ್ನುವರು. ಚಪ್ಪಲಿ ತೊಡಿಸುವಾಗ, ಬಾಗಿಲ ಗಂಟೆ ಬಾರಿಸಿದಾಗ, ಏನೂ ಆಗದಿದ್ದಾಗಲೂ ಅದೇ.

"ಕೆಲವರಿಗೆ ಹೀಗೆ ಒಂದು ಪದ ಅಂಟಿಕೊಂಡುಬಿಡುತ್ತೆ," ಎಂದರು ಡಾಕ್ಟರು. "ಅರ್ಥ ಗೊತ್ತಿದ್ದೇ ಅಂತಾರೆ ಅಂತ ಹೇಳೋಕಾಗಲ್ಲ."

ಮಾಸ್ತರು ಆ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಎರಡು ಬೀದಿ ಆಚೆ ಮನೆ ಮಾಡಿಕೊಂಡಿದ್ದ ಮಗಳು ಹಾಕಿಕೊಂಡಳು. ಬೆಳಿಗ್ಗೆ ಸಂಜೆ ಬಂದು ತಾಯಿಯನ್ನು ಎತ್ತಿ ಕೂರಿಸಿ ಅವಳ ಬೆನ್ನು ಬಿದ್ದುಹೋಗಿತ್ತು. ದಾದಿಯರಿರುವ ಒಂದು ಆರೈಕೆ ಮನೆಯಿಂದ ಅರ್ಜಿ ತಂದು ಅಪ್ಪನ ಮುಂದಿಟ್ಟಳು.

"ಅವಳೇನು ಕುರ್ಚಿನಾ, ಎತ್ತಿ ಇನ್ನೊಂದು ಕಡೆ ಇಡೋಕೆ? ಅವಳಿಗೆ ಎಲ್ಲಾ ಅರ್ಥ ಆಗುತ್ತೆ."

"ಆಗುತ್ತೆ ಅಂತ ಒಂದೇ ಒಂದು ಸಲ ತೋರಿಸಿ ಅಪ್ಪ. ಮತ್ತೆ ಈ ಮಾತೇ ಎತ್ತಲ್ಲ. ಆದ್ರೆ ಇದು ತನ್ನ ಮನೆ ಅನ್ನೋದೇ ಅಮ್ಮನಿಗೆ ಗೊತ್ತಾಗ್ದೆ ಇದ್ರೆ, ಯಾವ ಮನೆಯಾದ್ರೇನು?"

ಆ ಭಾನುವಾರ ಮಾಸ್ತರು ಕೇಕಿಗೆ ಕೈ ಹಾಕಿದ್ದು ಇದಕ್ಕೇ. ಹೆಂಡತಿಯನ್ನು ಅಡುಗೆಮನೆಯ ಮೇಜಿನ ಹತ್ತಿರ ಕೂರಿಸಿ, ಸೇಬು ಹೆಚ್ಚಿ, ಟೇಪು ಹಿಡಿದು ಎಲ್ಲ ಹೋಳೂ ಒಂದೇ ದಪ್ಪ ಇದೆಯೇ ಎಂದು ನೋಡಿದರು. ಮಗಳು ಬಾಗಿಲಿಗೆ ಒರಗಿ ನಿಂತಿದ್ದಳು. ಬೆಣ್ಣೆ ಕರಗಿಸುತ್ತ ಮಾಸ್ತರು, ಹೊತ್ತಿಗೆ ಮುಂಚೆಯೇ, ಕೇಳಿಬಿಟ್ಟರು: "ಅಲ್ವೇ, ಕಾಫಿ ಕೇಕು ಅಂತೀಯ, ಇದರಲ್ಲಿ ಕಾಫಿ ಎಲ್ಲಿದೆಯೇ?"

"ಸಾಕು," ಎಂದರು ಆಕೆ.

ಮಗಳಿಗೆ ನಗು ತಡೆಯಲಾಗಲಿಲ್ಲ. ಮಾಸ್ತರಿಗಂತೂ ಹೊಟ್ಟೆಗೆ ಹಾಲು ಹೊಯ್ದಂತಾಯಿತು. "ನೋಡಿದ್ಯಾ! ಈ ಹಳೇ ಜೋಕು ಸಾಕು ಅಂತಿದ್ದಾಳೆ!"

"ಈಗ ತಾನೇ ನಲ್ಲಿ ತಿರುಗಿಸಿದಾಗ್ಲೂ ಅಂದ್ಲು, ಅಪ್ಪ."

ಅಲ್ಲಿಗೆ ಸುಮ್ಮನಾಗಿದ್ದರೆ ಆ ನಗುವಾದರೂ ಉಳಿಯುತ್ತಿತ್ತು. ಅಳತೆಯ ಮನುಷ್ಯ, ಸುಮ್ಮನಾದಾರೆಯೇ? "ಸಕ್ಕರೆ ಸುರಿಯುವಾಗ ನೋಡು. ಅವಳು ಸರಿಯಾದ ಜಾಗಕ್ಕೆ ನಿಲ್ಲಿಸದಿದ್ರೆ ಆ ಅರ್ಜಿ ನಾನೇ ತುಂಬ್ತೀನಿ," ಎಂದುಬಿಟ್ಟರು.

ಪಾತ್ರೆಯನ್ನು ಹೆಂಡತಿಯ ಮುಂದಿಟ್ಟು ಡಬ್ಬಿ ಬಗ್ಗಿಸಿದರು. ಸಕ್ಕರೆ ಸಣ್ಣಗೆ ಸದ್ದು ಮಾಡುತ್ತ ಬಿತ್ತು. ಆಕೆ ಅದನ್ನೇ ನೋಡುತ್ತಿದ್ದರು. ನಿಲ್ಲಬೇಕಾದ ಜಾಗ ಮಾಸ್ತರ ಕೈಗೆ ಗೊತ್ತಿತ್ತು. ಇಷ್ಟು ವರ್ಷ ಸುರಿದ ಕೈಗೆ ಗೊತ್ತಿಲ್ಲದಿರುತ್ತದೆಯೇ? ಆ ಜಾಗ ಹತ್ತಿರವಾದಾಗ ಕೈ ತಾನಾಗಿ ನಿಧಾನವಾಯಿತು. ಅವರು ಕಳ್ಳಾಟ ಆಡುತ್ತಿದ್ದರು, ಕಾಳು ಕಾಳಾಗಿ ಉದುರಿಸುತ್ತಿದ್ದರು. ಕಣ್ಣು ಆಕೆಯ ತುಟಿಯ ಮೇಲಿತ್ತು. ಹೇಳೇ, ದಿನಕ್ಕೆ ನೂರು ಸಲ ಹೇಳ್ತೀಯಲ್ಲ, ಈಗೊಂದು ಸಲ ಹೇಳೇ.

ಜಾಗ ದಾಟಿತು.

"ಅಪ್ಪ, ಸಾಕು," ಎಂದಳು ಮಗಳು.

ಅವರು ನಿಲ್ಲಿಸಲಿಲ್ಲ. ಸಕ್ಕರೆ ಹಿಟ್ಟನ್ನು ಮುಚ್ಚಿತು, ಪಾತ್ರೆಯ ಅಂಚಿಗೆ ಬಂತು, ಮೇಜಿನ ಮೇಲೆ ಹರಡಿ ನೆಲಕ್ಕೆ ಸುರಿಯಿತು. "ಸಾಕು ಬಿಡಿ ಅಪ್ಪಾ!" ಮಗಳ ದನಿ ಒಡೆದಿತ್ತು. ಆಕೆ ಮಾತ್ರ ಬೀಳುವ ಸಕ್ಕರೆಯನ್ನು ಕಣ್ಣರಳಿಸಿ ನೋಡುತ್ತ ಕೂತಿದ್ದರು. ಕೊನೆಯ ಕಾಳೂ ಬಿದ್ದ ಮೇಲೆ ಮಾಸ್ತರು ಖಾಲಿ ಡಬ್ಬಿಯನ್ನು ಮೇಜಿಗೆ ಕುಕ್ಕಿದರು. ಟಣ್ ಎಂದಿತು.

"ಸಾಕು," ಎಂದರು ಆಕೆ.

ಮಗಳು ನೆಲ ಗುಡಿಸಿದಳು. ಮಾಸ್ತರು ಹೆಚ್ಚಿನ ಸಕ್ಕರೆ ತೆಗೆದು, ಹಿಟ್ಟು ಕಲಸಿ, ಹೋಳು ಜೋಡಿಸಿ ಕೇಕು ಬೇಯಲು ಇಟ್ಟರು. ಮತ್ತೇನು ಮಾಡಬೇಕೆಂದು ಅವರಿಗೆ ತೋಚಲಿಲ್ಲ.

ಕೇಕು ಚೆನ್ನಾಗಿಯೇ ಬಂದಿತ್ತು. ಅದೇ ಅವರ ಹೊಟ್ಟೆ ಉರಿಸಿತು. ಕಾಫಿಯ ಲೋಟಗಳು ಮೇಜಿಗೆ ಬಂದವು, ಜೋಕು ಬರಲಿಲ್ಲ. ಆಕೆ ಎಡಗೈಯಲ್ಲಿ ಒಂದು ತುಂಡು ತಿಂದರು. ಮಾಸ್ತರು ಇನ್ನೊಂದು ಇಟ್ಟು ಕಾದರು. ಅದನ್ನೂ ತಿಂದರು. ಮೂರನೆಯದು ಹೋಯಿತು, ನಾಲ್ಕನೆಯದೂ. ಹಿಂದೆ ಅರ್ಧ ತುಂಡಿಗೇ ಕೈ ತೊಳೆಯುತ್ತಿದ್ದವರು ಈಗ ಬಾಯಲ್ಲಿ ತುತ್ತಿರುವಾಗಲೇ ಐದನೆಯದಕ್ಕೆ ಕೈ ಚಾಚಿದರು. ಗಂಟಲಿಗೆ ಸಿಕ್ಕಿ ಕೆಮ್ಮು ಬಂತು. ಮಾಸ್ತರು ತಟ್ಟೆಯನ್ನು ಮೆಲ್ಲಗೆ ಈಚೆಗೆ ಎಳೆದುಕೊಂಡರು.

"ಸಾಕು ಕಣೇ," ಎಂದರು. "ಸಾಕು."

ಆಕೆ ತಿರುಗಿದರು. ಐದು ತಿಂಗಳಲ್ಲಿ ಮೊದಲ ಸಲ, ಯಾರೋ ತನ್ನನ್ನು ಕರೆದರೆಂದು ತಿರುಗಿದರು. ಮುಖ ಬೆಳಗಿತ್ತು. ತುಟಿಗೆ ಸೇಬಿನ ಚೂರು ಅಂಟಿಸಿಕೊಂಡು, ಮುಂದಿನ ಮಾತಿಗೆ ಕಾಯುತ್ತ ಗಂಡನನ್ನೇ ನೋಡಿದರು. ಮಾಸ್ತರು ಬೆರಳಿನಿಂದ ಆ ಚೂರನ್ನು ಒರೆಸಿದರು. ಸ್ವಲ್ಪ ಹೊತ್ತಿಗೆ ಆ ಬೆಳಕೂ ಆರಿತು.

"ಆ ಅರ್ಜಿ ಕೊಡಮ್ಮ," ಎಂದರು ಮಗಳಿಗೆ.

"ಇವತ್ತೇ ಬೇಡ ಅಪ್ಪ."

"ಕೊಡು."

ಹೆಸರು, ವಯಸ್ಸು, ಎತ್ತರ, ತೂಕ. ಅಳತೆಯ ಅಂಕಣಗಳನ್ನೆಲ್ಲ ಅವರು ತಡವರಿಸದೆ ತುಂಬಿದರು. ಎರಡನೆಯ ಪುಟದಲ್ಲಿ ಒಂದು ಪ್ರಶ್ನೆಗೆ ಪೆನ್ನು ನಿಂತಿತು: 'ಏನೆಂದು ಕರೆದರೆ ತಿರುಗಿ ನೋಡುತ್ತಾರೆ?'

ಮಾಸ್ತರು ಕನ್ನಡಕ ತೆಗೆದು ಒರೆಸಿಕೊಂಡು, ಮತ್ತೆ ಹಾಕಿಕೊಂಡು, ದುಂಡಗಿನ ಅಕ್ಷರದಲ್ಲಿ ಬರೆದರು: ಸಾಕು.