ಎರಡು ಗುಂಡಿ ಒತ್ತಿದಾಗ ಬಂದ ರಾಗ

ಬೆಳಿಗ್ಗೆ ಹನ್ನೊಂದಕ್ಕೆ ಆ ಮೇಲ್ ಬಂತು. ಆಸ್ಪತ್ರೆಯಲ್ಲಿ ತಂದೆಯ ಹಾಸಿಗೆಯ ಪಕ್ಕ ಕೂತಿದ್ದ ಒಬ್ಬ ಮನುಷ್ಯ, ಡ್ರಿಪ್ ಮುಗಿಯುವ ಮೊದಲು ಕೂಗಿ ಎಚ್ಚರಿಸುವ ಸಣ್ಣ ಯಂತ್ರದ ಎರಡು ಗುಂಡಿಗಳನ್ನು ಒಟ್ಟಿಗೆ ಒತ್ತಿದ್ದ. ಯಂತ್ರ ಒಂದು ರಾಗ ನುಡಿಸಿತ್ತು. ಅವನೇ ಮಗಳಿಗಾಗಿ ಕಟ್ಟಿ, ತನ್ನ ಕೋಡ್‌ನಲ್ಲಿ ಅಡಗಿಸಿಟ್ಟಿದ್ದ ರಾಗ ಅದು. ಮೇಲ್ ಬರೆದವನೂ ಅವನೇ.

ಯಂತ್ರ ಅಣ್ಣನ ಕಂಪನಿಯದು. ಅದರೊಳಗಿನ ಕೋಡ್ ತಂಗಿಯ ಹೊಣೆ. ಮನೆಯಲ್ಲಿ ಅವಳನ್ನು ಗುಬ್ಬಿ ಎನ್ನುತ್ತಾರೆ. ಆರ್ಡರು, ಲೆಕ್ಕ ಅತ್ತಿಗೆಯದು. ಕೆಲವು ಯಂತ್ರಗಳನ್ನು ಪ್ರಯೋಗಕ್ಕೆಂದು ಆಸ್ಪತ್ರೆಗೆ ಕೊಟ್ಟಿದ್ದರು. ಅಂದೇ ಸಂಜೆ ನಾಲ್ಕಕ್ಕೆ ಖರೀದಿ ಅಧಿಕಾರಿ ದೊಡ್ಡ ಆರ್ಡರಿನ ಕರಾರು ತರುವವರಿದ್ದರು. ಒಳಗಿನ ಕೋಡ್ ಎಲ್ಲವೂ ಕಂಪನಿಯ ಸ್ವಂತದ್ದು ಅಥವಾ ಹಕ್ಕಿನಿಂದ ಬಳಸಿದ್ದು ಎಂಬ ಮಾತಿನ ಕೆಳಗೆ ಅಣ್ಣನ ಜೊತೆ ತಂಗಿಯೂ ಸಹಿ ಹಾಕಬೇಕಿತ್ತು.

ಹನಿ ಎಣಿಸುವ ಭಾಗ ಆ ಮನುಷ್ಯ ಬರೆದ ಓಪನ್ ಸೋರ್ಸ್ ಕೋಡ್. ಯಾರು ಬೇಕಾದರೂ ಬಳಸಬಹುದು, ಆದರೆ ಬರೆದವನ ಹೆಸರು ಅಳಿಸಬಾರದು. ತಿದ್ದಿ ಬೇರೆಯವರಿಗೆ ಕೊಟ್ಟರೆ ತಿದ್ದಿದ ಕೋಡನ್ನೂ ಅದೇ ಷರತ್ತಿನ ಮೇಲೆ ಕೊಡಬೇಕು. ಲೈಸೆನ್ಸ್ ಹೇಳುವುದು ಇಷ್ಟು. ತಂಗಿಗೆ ಇದು ಗೊತ್ತಿತ್ತು. ಕೋಡ್ ಕೊಡುವುದನ್ನು ಮಾರಾಟ ಶುರುವಾದ ಮೇಲೆ ನೋಡಿಕೊಂಡರಾಯಿತು ಎಂದುಕೊಂಡಿದ್ದಳು. ಪ್ರಯೋಗಕ್ಕೆ ಕೊಟ್ಟರೂ ಕೊಟ್ಟಂತೆಯೇ ಎಂಬುದು ಹೊಳೆದಿರಲಿಲ್ಲ. ಹೆಸರನ್ನಂತೂ ಅವಳು ಉಳಿಸಿಕೊಂಡೇ ತಂದಿದ್ದಳು. ಅದನ್ನು ಅಳಿಸಿದ್ದು ‘ಹಣೆಪಟ್ಟಿ’. ಇಂಥದೇ ಯಂತ್ರ ಮಾಡುವ ಎದುರು ಕಂಪನಿ ಒಮ್ಮೆ ಇವರ ಕೋಡ್ ಎಗರಿಸಿದ ಮೇಲೆ ಅಣ್ಣ ಹಟ ಹಿಡಿದು ತಂಗಿಯಿಂದ ಬರೆಸಿ, ಆ ಹೆಸರಿಟ್ಟ ಪುಟ್ಟ ಪ್ರೋಗ್ರಾಂ ಅದು. ಪ್ರತಿ ಬಿಡುಗಡೆಗೂ ಮೊದಲು ಎಲ್ಲ ಫೈಲುಗಳ ಮೇಲಿನ ಸಾಲುಗಳನ್ನು ಕಿತ್ತು ಕಂಪನಿಯ ಹೆಸರು ಅಂಟಿಸುತ್ತಿತ್ತು. ನಮ್ಮದು ಯಾವುದು, ಪರರದ್ದು ಯಾವುದು ಎಂದು ಅದಕ್ಕೆ ಯಾರೂ ಹೇಳಿಕೊಟ್ಟಿರಲಿಲ್ಲ.

“ಎಷ್ಟು ಕೇಳ್ತಾನೆ?” ಅಣ್ಣ ಕೇಳಿದ.

“ದುಡ್ಡು ಕೇಳಿಲ್ಲ. ಅವನ ಹೆಸರು ವಾಪಸ್ ಹಾಕಬೇಕಂತೆ, ನಾವು ತಿದ್ದಿದ ಕೋಡ್ ಕೊಡಬೇಕಂತೆ.”

“ದುಡ್ಡೇ ಕೇಳಿದ್ರೆ ಚೆನ್ನಾಗಿತ್ತು,” ಎಂದರು ಅತ್ತಿಗೆ.

ಅವರ ಮಾತಿಗೆ ಕಾರಣವಿತ್ತು. ರೋಗಿ ಮಗ್ಗುಲು ಬದಲಿಸಿ ನಳಿಕೆ ಅಲುಗಾಡಿದರೆ ಬೇರೆಯವರ ಯಂತ್ರ ಲೆಕ್ಕ ತಪ್ಪುತ್ತಿತ್ತು, ಇವರದು ತಪ್ಪುತ್ತಿರಲಿಲ್ಲ. ತಂಗಿ ಕಂಡುಕೊಂಡ ಆ ಉಪಾಯ ಅದೇ ಫೈಲಿನಲ್ಲಿ, ಅವನ ಸಾಲುಗಳ ನಡುವೆಯೇ, ಹಾಲಿಗೆ ಬೆರೆತ ನೀರಿನಂತೆ ಕೂತಿತ್ತು.

“ರಾಗ ತೆಗೆದುಬಿಡು ಗುಬ್ಬಿ,” ಎಂದ ಅಣ್ಣ. “ ಆಮೇಲೆ ಅವನು ಏನು ಅಂತ ತೋರಿಸ್ತಾನೆ?”

“ಕದ್ದ ಹಸುಗೆ ಬಣ್ಣ ಬಳಿಯೋಣ ಅಂತೀಯ.”

“ಕದ್ದಿದ್ದು ಯಾರು? ಬಾಗಿಲು ತೆಗೆದಿಟ್ಟು ತಗೊಳ್ಳಿ ಅಂದವನು ಅವನೇ.”

“ತಗೊಳ್ಳಿ ಅಂದ. ಬಾಗಿಲ ಮೇಲಿನ ಹೆಸರು ಕಿತ್ತು ನಿಮ್ಮದು ಬರ್ಕೊಳ್ಳಿ ಅಂದ್ನಾ?”

“ಕಿತ್ತಿದ್ದು ನಿನ್ನ ಪ್ರೋಗ್ರಾಂ ತಾನೆ?”

“ಹೌದು. ಬರೆಸಿದ್ದು ನೀನು, ಬರೆದಿದ್ದು ನಾನು. ಇಬ್ಬರ ಕೈಗೂ ಮಸಿ ಹತ್ತಿದೆ.”

“ಒಂದೇ ಹೊಟ್ಟೇಲಿ ಹುಟ್ಟಿದವರು, ತಪ್ಪನ್ನೂ ಸಮ ಪಾಲು ಮಾಡ್ಕೊಳ್ತೀರಿ,” ಎಂದು ಅತ್ತಿಗೆ ನಕ್ಕರು. ನಗು ಹೆಚ್ಚು ಹೊತ್ತು ನಿಲ್ಲಲಿಲ್ಲ. “ಉಪಾಯ ಹೊರಗೆ ಹೋದ್ರೆ ಎದುರು ಕಂಪನಿಯವರು ನಾಳೆಯೇ ಹಾಕ್ಕೊಳ್ತಾರೆ. ಕೆಳಗೆ ಬೆಸುಗೆ ಹಾಕೋ ಹೆಂಗಸರಿಗೆ ಕೆಲಸ ಇಲ್ಲ ಅಂತ ನೀನೇ ಹೋಗಿ ಹೇಳ್ತೀಯಾ?”

ಕೆಳಗಿನ ಕೋಣೆಯಿಂದ ಕಾದ ಸೀಸದ ವಾಸನೆ ಬರುತ್ತಿತ್ತು.

ಅಣ್ಣ ವಕೀಲರಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದ. “ಮೊದಲ ಸಲ ಎಡವಿದವರು ಬೇಗ ಸರಿಪಡಿಸಿಕೊಂಡ್ರೆ ಈ ಲೈಸೆನ್ಸ್ ಹಕ್ಕು ಉಳಿಸುತ್ತೆ. ಸರಿಪಡಿಸದೆ, ಗೊತ್ತಿದ್ದೂ ಕರಾರಿಗೆ ಸಹಿ ಹಾಕಿದ್ರೆ ಮಾತ್ರ ನನ್ನ ಹತ್ರ ಬರಬೇಡಿ,” ಎಂದರು ವಕೀಲರು.

ನಾಲ್ಕಕ್ಕೆ ಅಧಿಕಾರಿ ಬಂದರು. ಅಣ್ಣ ಸಹಿ ಹಾಕಿ ಕಾಗದವನ್ನು ತಂಗಿಯ ಕಡೆ ಸರಿಸಿದ. ಅವಳು ಪೆನ್ನು ಎತ್ತಿಕೊಂಡಳು, ಮುಚ್ಚಳ ಹಾಕಿ ಮೇಜಿನ ಮೇಲಿಟ್ಟಳು.

“ನನ್ನಿಂದ ಆಗಲ್ಲ ಅಣ್ಣ.”

“ಏನಾದ್ರೂ ತೊಂದರೆನಾ?” ಅಧಿಕಾರಿ ಕೇಳಿದರು.

ಅಣ್ಣ ತಂಗಿಯ ಮುಖ ನೋಡಲಿಲ್ಲ. ಕಾಗದ ವಾಪಸ್ ಎಳೆದುಕೊಂಡು ತನ್ನ ಸಹಿಯ ಮೇಲೆ ತಾನೇ ಗೆರೆ ಹಾಕಿದ. “ಕೋಡ್ ಪೂರ್ತಿ ನಮ್ಮದಲ್ಲ ಸಾರ್. ಸರಿಪಡಿಸೋಕೆ ಸ್ವಲ್ಪ ಟೈಮ್ ಬೇಕು.”

“ಟೈಮ್ ಕೊಡೋದು ನನ್ನ ಕೈಲಿಲ್ಲ. ಮೇಲಿನವರಿಗೆ ತಿಳಿಸ್ತೀನಿ,” ಎಂದು ಅವರು ಚೀಲ ಮುಚ್ಚಿದರು.

ಅಂದು ಕತ್ತಲಾಗುವ ಮೊದಲೇ ತಂಗಿ ಹಣೆಪಟ್ಟಿಯನ್ನು ನಿಲ್ಲಿಸಿ, ಅವನ ಹೆಸರನ್ನು ಮೊದಲಿದ್ದ ಜಾಗಕ್ಕೇ ಸೇರಿಸಿದಳು. ಅದರ ಕೆಳಗೆ ತನ್ನದನ್ನು ಬರೆದು ಇಡೀ ಕೋಡ್ ಅವನಿಗೂ ಆಸ್ಪತ್ರೆಗೂ ಕಳಿಸಿದಳು. ಊಟದ ಹೊತ್ತಿಗೆ ಅಣ್ಣ ಅವಳ ತಟ್ಟೆಗೆ ಎಂದಿನಂತೆ ಬಡಿಸಿದ.

ಆ ಮನುಷ್ಯ ತಿದ್ದಿದ ಕೋಡನ್ನೂ ಎಲ್ಲರಿಗೂ ತೆರೆದಿಟ್ಟ. ಆರ್ಡರು ಎದುರು ಕಂಪನಿಗೆ ಹೋಯಿತು. ಅವರ ಯಂತ್ರದ ಕೈಪಿಡಿಯ ಕೊನೆಯ ಪುಟದಲ್ಲಿ, ಲೈಸೆನ್ಸ್ ಹೇಳುವಂತೆಯೇ, ಹನಿ ಎಣಿಸುವ ಕೋಡ್ ಬರೆದವರ ಹೆಸರುಗಳಿವೆ. ಎರಡನೆಯದು ತಂಗಿಯದು. ಕೆಳಗೆ ಬೆಸುಗೆ ಕೋಣೆಯಲ್ಲಿ ಅರ್ಧದಷ್ಟು ಮೇಜುಗಳು ಖಾಲಿ ಇವೆ.