ಅವಳಿ ಕರುಗಳ ಕಬ್ಬಿಣ

ಮಲೀಕಸಾಬ ದನದ ದವಾಖಾನೆಗೆ ಕಂಪೌಂಡರ್ ಆಗಿ ಸೇರಿ ಹತ್ತೊಂಬತ್ತು ವರ್ಷವಾಗಿತ್ತು. ಗುಡೂರಿನ ಸುತ್ತ ಅವನ ಕೈಗುಣಕ್ಕೆ ಹೆಸರಿತ್ತು. ಬಿಳಿಚಿಕೊಂಡ ಕರು ಕಂಡರೆ ಸಾಕು, ಕಬ್ಬಿಣದ ಇಂಜೆಕ್ಷನ್ ಕೊಟ್ಟುಬಿಡುತ್ತಿದ್ದ. ಕಾಕಂಬಿಯಂಥ ಆ ಕಪ್ಪು ಔಷಧ ತೊಡೆಗೆ ಇಳಿದ ಹದಿನೈದು ದಿನಕ್ಕೆ ಕರು ಚಿಗಿತು ಓಡಾಡುವುದನ್ನು ಎಷ್ಟೋ ಸಲ ನೋಡಿದ್ದ.

ಎಂಬತ್ತೆರಡರ ಶ್ರಾವಣದಲ್ಲಿ ಗುಡೂರಿನ ಗುರುಲಿಂಗವ್ವ ಹೇಳಿಕಳಿಸಿದಳು. ಅವಳ ಆಕಳು ಅವಳಿ ಕರು ಹಾಕಿ ತಿಂಗಳಾಗಿತ್ತು. ಹಿಂದಿನ ವರ್ಷ ಒಂದು ಕರು ಮಣ್ಣು ತಿಂದು ಹೊಟ್ಟೆಯುಬ್ಬಿ ಸತ್ತಿದ್ದರಿಂದ, ಮುದುಕಿ ಈ ಸಲ ಕೊಟ್ಟಿಗೆಗೆ ಕಲ್ಲು ಹಾಸಿಸಿ, ಎರಡೂ ಕರುಗಳ ಬಾಯಿಗೆ ನಾರಿನ ಕುಕ್ಕೆ ಕಟ್ಟಿದ್ದಳು. ಹಾಲು ಕುಡಿಯುವಾಗ ಬಿಟ್ಟರೆ ಅದನ್ನು ಬಿಚ್ಚುತ್ತಿರಲಿಲ್ಲ.

ಮಲೀಕಸಾಬನ ಜೊತೆ ಅಂದು ಹೊಸ ಡಾಕ್ಟರ್ ಸಂಗಯ್ಯನೂ ಬಂದಿದ್ದ. ಇನ್ನೂ ಮೂವತ್ತು ತುಂಬದ, ಮೆಲುದನಿಯ ಮನುಷ್ಯ. ಮಲೀಕಸಾಬ ಕರುಗಳ ಕಣ್ಣರೆಪ್ಪೆ ಬಿಡಿಸಿ ನೋಡಿದ. ಒಳಗೆ ಕೆಂಪೇ ಇಲ್ಲ, ಒಗೆದ ಅರಿವೆಯ ಹಾಗೆ ಬಿಳುಪು. ಹೆಣ್ಣುಗರು ಸೊರಗಿದ್ದರೂ ನಿಂತಿತ್ತು. ಗಂಡುಗರು ಮಲಗಿಬಿಟ್ಟಿತ್ತು. ಅದರ ಹೊಕ್ಕಳು ಬಾತು ಕೀವಾಗಿತ್ತು, ಮೈ ಸುಡುತ್ತಿತ್ತು. ಮಲೀಕಸಾಬ ಎರಡು ಸಿರಿಂಜಿಗೂ ಕಪ್ಪು ಔಷಧ ಎಳೆದುಕೊಂಡ.

"ಒಂದ ಸಾಕು, ಮಲೀಕಸಾಬ್ರ," ಎಂದ ಸಂಗಯ್ಯ ಥರ್ಮಾಮೀಟರ್ ನೋಡುತ್ತ. "ಇದಕ್ಕ ನೂರಾ ಐದು ಜ್ವರ ಐತಿ. ಹೊಕ್ಕಳಾ ತೊಳದು ಪೆನ್ಸಿಲಿನ್ ಅಷ್ಟ ಕೊಡ್ರಿ. ಕಬ್ಬಿಣ ಈಗ ಬ್ಯಾಡ."

ಗುರುಲಿಂಗವ್ವನ ಮುಖ ಗಂಟಾಯಿತು. "ಒಂದಕ್ಕ ಕೊಟ್ಟು ಇನ್ನೊಂದನ್ನ ಸಾಯಾಕ ಬಿಡ್ತೀರೇನ್ರಿ? ಜಾಸ್ತಿ ಸೊರಗಿದ್ದು ಅದ ಐತಿ."

ಮಲೀಕಸಾಬನಿಗೂ ಮುದುಕಿಯ ಮಾತೇ ಸರಿ ಅನಿಸಿತು. ಆದರೂ ಕಬ್ಬಿಣವನ್ನು ಹೆಣ್ಣುಗರುವಿಗಷ್ಟೇ ಕೊಟ್ಟು, ಗಂಡುಗರುವಿನ ಹೊಕ್ಕಳು ತೊಳೆಯಲು ಕೂತ. ಸಂಗಯ್ಯ ಕಟ್ಟೆಯ ಮೇಲೆ ಕೂತು ಅವಳನ್ನೂ ಕೂರಿಸಿಕೊಂಡ.

"ಯವ್ವಾ, ಹಾಲಿನಾಗ ಕಬ್ಬಿಣ ಭಾಳ ಕಡಿಮಿ. ಕರುಗೋಳು ಮಣ್ಣ ನೆಕ್ಕೂದು ಅದನ್ನ ಹುಡುಕ್ಯಾಡಿ. ಕುಕ್ಕಿ ಕಟ್ಟಿ ಅದು ಸಿಗಲಿಲ್ಲ ಅಂದ್ರ ರಕ್ತ ತೆಳ್ಳಗಾಗತೈತಿ, ರೋಗದ ಜೋಡಿ ಬಡದಾಡೋ ಕಸುವು ಹೋಗತೈತಿ. ಅದಕ್ಕ ಹೊಕ್ಕಳದ ನಂಜು ಇದಕ್ಕ ಇಷ್ಟ ಏರೇತಿ."

"ಹಂಗಾದ್ರ ಕೊಡ್ರಿ ಮತ್ತ."

"ನಂಜಿನ ಹುಳಕ್ಕೂ ಕಬ್ಬಿಣ ಬೇಕ ಯವ್ವಾ. ಅದನ್ನ ತಿಂದ ಬೆಳಿತಾವ ಅವು. ಕಳ್ಳರು ಬರ್ತಾರಂತ ಸುದ್ದಿ ಬಂದ್ರ ನೀವು ನೆಲದಾಗಿನ ಜೋಳದ ಹಗೇವಿನ ಬಾಯಿ ಮುಚ್ಚಿ ಮಣ್ಣ ಹಾಕೂದಿಲ್ಲೇನು? ಮೈಯೂ ಹಂಗ ಮಾಡತೈತಿ. ಜ್ವರ ಬಂತು ಅಂದ್ರ ರಕ್ತದಾಗಿನ ಕಬ್ಬಿಣ ಎಳದು ಪಿತ್ತಜನಕದಾಗ ಬಚ್ಚಿಡತೈತಿ. ಆಗ ನಾವು ಹೊರಗಿಂದ ಸುರದ್ವಿ ಅಂದ್ರ ಕಳ್ಳರಿಗೇ ಉಣ್ಣಾಕ ಹಾಕಿದಂಗ."

ಮಲೀಕಸಾಬ ಹೊಕ್ಕಳು ತೊಳೆಯುತ್ತಿದ್ದವನು ಕೈ ನಿಲ್ಲಿಸಿದ. ತಿಂಗಳ ಕೂಸು ಅದು. ಕತ್ತೆತ್ತುವ ತ್ರಾಣವಿಲ್ಲ. ಇದ್ದ ಗುಲಗಂಜಿಯಷ್ಟು ಕಬ್ಬಿಣವನ್ನೂ ಶತ್ರುವಿಗೆ ಸಿಗದ ಹಾಗೆ ಒಳಗೊಳಗೇ ಬಚ್ಚಿಡುತ್ತಿದೆ. ಯಾರು ಕಲಿಸಿದರು ಇದಕ್ಕೆ? ಅದರ ಪಕ್ಕೆಲುಬಿನ ಕೆಳಗೆ ಅಂಗೈ ಇಟ್ಟ. ಬಿಸಿ ಮೈ ಏರಿಳಿಯುತ್ತಿತ್ತು.

ಹಾಗೆ ಕೈಯಿಟ್ಟುಕೊಂಡು ಕೂತಿದ್ದಾಗಲೇ ಶಿರೂರಿನ ಹೊಳಬಸಪ್ಪನ ಕರು ನೆನಪಾಯಿತು. ಎರಡು ವರ್ಷದ ಹಿಂದೆ ಅದಕ್ಕೂ ಹೀಗೇ ಜ್ವರವಿತ್ತು. ಬೇಗ ಏಳಲಿ ಎಂದು ಅವನೇ ಎರಡು ಪಾಲು ಕಬ್ಬಿಣ ಏರಿಸಿದ್ದ. ಮಾರನೆಯ ದಿನ ಸತ್ತಿತ್ತು. ವಾಪಸು ಹೋಗುವಾಗ ದಾರಿಯಲ್ಲಿ ಅದನ್ನು ಡಾಕ್ಟರಿಗೆ ಹೇಳಿದ.

"ಅದರಿಂದನ ಸತ್ತಿತು ಅಂತ ಹೇಳಾಕ ಬರೂದಿಲ್ರಿ. ಅಲ್ಲಂತನೂ ಹೇಳಾಕ ಬರೂದಿಲ್ಲ," ಎಂದ ಸಂಗಯ್ಯ.

ಮರುದಿನದಿಂದ ಮಲೀಕಸಾಬ ಪೆನ್ಸಿಲಿನ್ ಕೊಡಲು ದಿನಾಲೂ ಸೈಕಲ್ ತುಳಿದು ಗುಡೂರಿಗೆ ಹೋದ. ಮೂರನೆಯ ದಿನ ಜ್ವರ ಇನ್ನೂ ನೂರಾ ನಾಲ್ಕು. "ನಿಮ್ಮ ಡಾಕ್ಟರ್ ಸಾಹೇಬ್ರು ಇನ್ನೂ ಹುಡುಗರು," ಎಂದಳು ಗುರುಲಿಂಗವ್ವ, ಅವನ ಚೀಲದ ಕಡೆಗೆ ನೋಡುತ್ತ. ಕಪ್ಪು ಸೀಸೆ ಚೀಲದಲ್ಲೇ ಇತ್ತು. ಅವನ ಕೈ ಅದರವರೆಗೂ ಹೋಗಿ ವಾಪಸು ಬಂತು. ಐದನೆಯ ದಿನ ಅವನು ಹೋದಾಗ ಕರು ಎದ್ದು ನಿಂತು ತಾಯಿಯ ಕೆಚ್ಚಲಿಗೆ ಗುದ್ದುತ್ತಿತ್ತು. ಥರ್ಮಾಮೀಟರ್ ನೂರಾ ಎರಡು ತೋರಿಸಿತು, ಕರುವಿಗೆ ಅದು ಜ್ವರವಲ್ಲ. ಇನ್ನೆರಡು ದಿನ ಕಾದು, ಜ್ವರ ಮರಳಿಲ್ಲವೆಂದು ಖಾತ್ರಿಯಾದ ಮೇಲೆ ಕಬ್ಬಿಣ ಕೊಟ್ಟರು. ಕುಕ್ಕೆ ಬಿಚ್ಚಿಸಿ, ಎಳೆ ಹಸಿರು ಮೇವು ತೋರಿಸಿದರು. ಹದಿನೈದು ದಿನಕ್ಕೆ ಅದರ ರೆಪ್ಪೆಯ ಒಳಗೆ ದಾಸವಾಳದ ಮೊಗ್ಗಿನ ಬಣ್ಣ ಬಂದಿತ್ತು.

ಆ ವಾರವೇ ಮಲೀಕಸಾಬ ಶಿರೂರಿಗೆ ಹೋಗಿ ಹೊಳಬಸಪ್ಪನಿಗೆ ಇದ್ದದ್ದು ಇದ್ದಂತೆ ಹೇಳಿದ. ಹೊಳಬಸಪ್ಪ ಕೈಯಲ್ಲಿದ್ದ ಬಾರುಕೋಲು ಬದಿಗಿಟ್ಟು, "ನಿಮಗರ ಏನ್ ಗೊತ್ತಿತ್ತು. ಹೇಳಾಕ ಬಂದ್ರೆಲ್ಲ, ಅದ ದೊಡ್ಡದು," ಎಂದ. ಚಹಾ ಕೊಡಿಸಿದ.

ಸಂಜೆ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಹೆಂಡತಿ ಕಾಸಿಂಬಿಗೆ ಇದನ್ನೆಲ್ಲ ಹೇಳಿದ. ಅವಳು ಹಿಟ್ಟಿನ ಕೈ ಹಾಗೇ ಹಿಡಿದು ಕೇಳಿದಳು.

"ಹಂಗಾರ ಜ್ವರ ಬಂದಾಗ ಉಣ್ಣಾಕ ಮನಸ್ಸ ಆಗೂದಿಲ್ಲಲ್ಲ, ಅದೂ ಮೈ ಹೂಡಿದ ಇಂಥಾದ್ದ ಹಂಚಿಕಿ ಇರಬೇಕೇನು?"

ಇಷ್ಟು ವರ್ಷ ಮಲೀಕಸಾಬ ಅದನ್ನು ಕೇಳಿಕೊಂಡೇ ಇರಲಿಲ್ಲ.

"ನಾಳೆ ಸಾಹೇಬ್ರನ್ನ ಕೇಳ್ತೇನಿ," ಎಂದು ರೊಟ್ಟಿ ಮುರಿದ.